ಒಂದು ಟನ್ ಚಳಿ

ಹೋದ ಮೇ ತಿಂಗಳಲ್ಲಿ ಅಪ್ಪ ಗದಗಿನಿಂದ ನಮ್ಮ ಡೊಂಬಿವಲಿಯ ಮನೆಗೆ ಬಂದಿದ್ದರು. ನಮ್ಮದು ಕೊನೆಯ ಮಹಡಿ. 120 ಚದರಡಿ ಕೋಣೆಗೆ ಒಂದು ಟನ್ ಎಸಿ ಸಾಕೆಂದು ಅಂಗಡಿಯವನು ಹೇಳಿದ, ಹಾಕಿಸಿದೆ. ರಾತ್ರಿ ಹನ್ನೊಂದಾದರೂ ಕೋಣೆ ತಣಿಯಲಿಲ್ಲ. "ಟನ್ ಅಂದ್ರ ತೂಕ ಅಲ್ಲೇನೋ? ಚಳಿ ಹ್ಯಾಂಗ ತೂಗ್ತಾರ?" ಎಂದು ಅಪ್ಪ ಕೇಳಿದರು. ಎಂ.ಟೆಕ್ ಓದಿದ ನನಗೆ ಸೂತ್ರ ಗೊತ್ತಿತ್ತು, ಕಥೆ ಗೊತ್ತಿರಲಿಲ್ಲ.

ಕಥೆ ಶುರುವಾಗುವುದು ಬಾಸ್ಟನ್ನಿನಲ್ಲಿ. 1833ರ ಮೇ ತಿಂಗಳಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ 'ಟಸ್ಕನಿ' ಹಡಗಿನಲ್ಲಿ ಸುಮಾರು 180 ಟನ್ ಮಂಜುಗಡ್ಡೆ ತುಂಬಿ ಕಲ್ಕತ್ತಕ್ಕೆ ಕಳಿಸಿದ. ಸೆಪ್ಟೆಂಬರಿನಲ್ಲಿ ಹಡಗು ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಮರುವರ್ಷ ಮುಂಬಯಿಗೂ ಮಂಜುಗಡ್ಡೆ ಬಂತು. ಜಮ್ಶೇಟ್‌ಜಿ ಜೀಜೀಭಾಯ್ ಔತಣದಲ್ಲಿ ಐಸ್‌ಕ್ರೀಂ ಬಡಿಸಿದರೆಂದೂ ತಿಂದವರಿಗೆ ನೆಗಡಿಯಾಯಿತೆಂದೂ ಹೇಳುತ್ತಾರೆ. ಮುಂದೆ ಕೋಟೆ ಪ್ರದೇಶದಲ್ಲಿ ಐಸ್ ಹೌಸ್ ಎದ್ದಿತು. ಅದು ಈಗಿಲ್ಲ, ಚೆನ್ನೈಯದು ಮಾತ್ರ ವಿವೇಕಾನಂದರ್ ಇಲ್ಲಂ ಆಗಿ ಉಳಿದಿದೆ.

ಆಮೇಲೆ ಯಂತ್ರಗಳು ಬಂದವು. ಗಿರಾಕಿಗಳಿಗೆ ಗೊತ್ತಿದ್ದ ಲೆಕ್ಕ ಮಂಜುಗಡ್ಡೆಯದೇ. ಹಾಗಾಗಿ ಯಂತ್ರದ ಶಕ್ತಿಯನ್ನೂ ಅದರಲ್ಲೇ ಹೇಳಿದರು: 2000 ಪೌಂಡ್, ಅಂದರೆ 907 ಕಿಲೋ ಮಂಜು 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖ ಒಂದು 'ಟನ್'. ಇಂದಿನ ಅಳತೆಯಲ್ಲಿ ಸುಮಾರು 3.5 ಕಿಲೋವ್ಯಾಟ್.

ಈಗ ಟಸ್ಕನಿಯ ಲೆಕ್ಕ ನೋಡಿ. ನಾಲ್ಕು ತಿಂಗಳಲ್ಲಿ ಕರಗಿದ್ದು 80 ಟನ್. ದಿನಕ್ಕೆ ಸರಾಸರಿ ಮುಕ್ಕಾಲು ಟನ್ನಿಗಿಂತ ಕಡಿಮೆ. ಉಷ್ಣವಲಯ ದಾಟಿ ಬಂದ ಹಡಗಿನ ಉಗ್ರಾಣಕ್ಕೆ ನುಗ್ಗಿದ ಶಾಖ ನಮ್ಮ ಒಂದು ಕೋಣೆಯ ಎಸಿಗಿಂತ ಸಣ್ಣದು! ಹಲಗೆ, ಹುಲ್ಲು, ಮರದ ಹೊಟ್ಟು: ಟ್ಯೂಡರನ ಉದ್ಯಮ ನಿಂತಿದ್ದು ಇವುಗಳ ಮೇಲೆ.

ಚಳಿದೇಶಗಳಲ್ಲಿ ಹೀಟ್ ಪಂಪ್ ಕೊಳ್ಳುವವರು ಮನೆಯಿಂದ ಹೊರಹೋಗುವ ಶಾಖವನ್ನು ಲೆಕ್ಕಹಾಕುತ್ತಾರೆ. ನಮ್ಮಲ್ಲಿ ಒಳಬರುವುದನ್ನು ಹಾಕಬೇಕು, ಸೂತ್ರ ಒಂದೇ. ವಿಸ್ತೀರ್ಣ, ಶಾಖ ದಾಟಿಸುವ ಗುಣಾಂಕ, ತಾಪಮಾನದ ವ್ಯತ್ಯಾಸ, ಮೂರನ್ನೂ ಗುಣಿಸಿದರಾಯಿತು. ನಮ್ಮ ಕೋಣೆಯ ಸ್ಲ್ಯಾಬ್ 11 ಚದರ ಮೀಟರ್. ಬರಿಯ ಕಾಂಕ್ರೀಟಿಗೆ ಗುಣಾಂಕ ಸುಮಾರು 3. ಬಿಸಿಲಿಗೆ ಕಾದ ತಾರಸಿ 55 ಡಿಗ್ರಿ, ಕೋಣೆ 26 ಎಂದುಕೊಳ್ಳಿ. ಸುಮಾರು 950 ವ್ಯಾಟ್, ಕಾಲು ಟನ್ನಿಗೂ ಹೆಚ್ಚು, ಸೂರಿನಿಂದಲೇ! ಪಡುವಣ ಗೋಡೆ, ಕಿಟಕಿ, ಮಲಗಿದವರ ಮೈಶಾಖ, ಮುಂಬಯಿಯ ತೇವದ ಗಾಳಿ, ಎಲ್ಲ ಬೇರೆ. ಹಗಲು ಕುಡಿದ ಬಿಸಿಲನ್ನು ಸ್ಲ್ಯಾಬ್ ರಾತ್ರಿ ಕಕ್ಕುತ್ತದೆ. ಅಂಗಡಿಯವನು ನೆಲ ಅಳೆದಿದ್ದ, ಸೂರು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಆಫೀಸಿನಲ್ಲಿ ದಿನವೂ ಎಸ್ಟಿಮೇಟ್ ಪ್ರಶ್ನಿಸುವವನು ಮನೆಯದನ್ನು ಒಪ್ಪಿಬಿಟ್ಟಿದ್ದೆ.

ಅಪ್ಪ ಎಂಟೇ ದಿನಕ್ಕೆ ಊರಿಗೆ ಹೊರಟರು. "ಊರಾಗ ಮಣ್ಣಿನ ಮಾಳಗಿ ಐತಿ, ನಿದ್ದಿ ಬರ್ತದ" ಎಂದರು. ದಪ್ಪ ಮಣ್ಣಿನ ಆ ಸೂರು ಟ್ಯೂಡರನ ಹೊಟ್ಟಿನ ಕೆಲಸವನ್ನೇ ಮಾಡುತ್ತದೆ.

ಒಂದೂವರೆ ಟನ್ನಿನ ಎಸಿ ಕೊಳ್ಳುವ ಮೊದಲು, ತಾರಸಿಗೆ ಬಿಳಿ ಲೇಪ ಬಳಿಸೋಣವೆಂದು ಸೊಸೈಟಿ ಸಭೆಗೆ ಅರ್ಜಿ ಕೊಟ್ಟಿದ್ದೇನೆ. ಕೆಳಗಿನ ಮಹಡಿಯವರು ಒಪ್ಪಬೇಕಷ್ಟೆ. ಬರುವ ಮೇ ತಿಂಗಳಿಗೆ ಅಪ್ಪನನ್ನು ಮತ್ತೆ ಕರೆಯಬೇಕು.