ಮೇಲ್ಮನೆಯ ಆಯ್ಕೆ

ರೋಮನರ ‘ಸೆನೆಟ್’ ಎಂಬ ಶಬ್ದವು ವೃದ್ಧನೆಂಬ ಅರ್ಥದ ‘ಸೆನೆಕ್ಸ್’ ಎಂಬುದರಿಂದ ಹುಟ್ಟಿತು. ವೇದಭಾಷೆಯಲ್ಲಿ ‘ಹಳೆಯದು’ ಎಂಬ ಅರ್ಥವುಳ್ಳ ‘ಸನ’ ಶಬ್ದವೂ ಅದೇ ಮೂಲದ್ದು. ನಮ್ಮ ನಾಡಿನಲ್ಲಿ ಅಂತಹ ಹಿರಿಯರ ಸಭೆಯ ಸ್ಥಾನದಲ್ಲಿರುವುದು ವಿಧಾನ ಪರಿಷತ್ತು. ಅದರ ಸದಸ್ಯರನ್ನು ಆರಿಸುವ ಅಧಿಕಾರವು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬುದೇ ಅದರ ಚರಿತ್ರೆಯ ತಿರುಳು.

ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, 1907ರಲ್ಲಿ, ನ್ಯಾಯವಿಧಾಯಕ ಸಭೆಯು ಸ್ಥಾಪಿತವಾಯಿತು. ದಿವಾನರೇ ಅದರ ಅಧ್ಯಕ್ಷರು. ಸದಸ್ಯರನ್ನು ಗೊತ್ತುಮಾಡುತ್ತಿದ್ದುದು ಸರ್ಕಾರ. ಚುನಾವಣೆಯ ತತ್ತ್ವವು ಅಲ್ಲಿಗೆ ಮೆಲ್ಲಮೆಲ್ಲನೆ ಪ್ರವೇಶಿಸಿತು. 1923ರ ಸುಧಾರಣೆಯಿಂದ ಸದಸ್ಯರ ಸಂಖ್ಯೆ 50ಕ್ಕೇರಿತು. ಈ ಎರಡು ಸಭೆಗಳೂ 1949ರಲ್ಲಿ ವಿಸರ್ಜಿತವಾದವು. ರಾಜ್ಯಾಂಗಕ್ಕನುಸಾರವಾದ ಪರಿಷತ್ತು 1952ರಲ್ಲಿ ರೂಪುಗೊಂಡಿತು.

ಈಗಿನ ಸದಸ್ಯಸಂಖ್ಯೆ 75. ವಿಧಾನಸಭೆಯ ಸದಸ್ಯರು 25 ಮಂದಿಯನ್ನೂ, ಸ್ಥಳೀಯ ಸಂಸ್ಥೆಗಳವರು 25 ಮಂದಿಯನ್ನೂ, ಪದವೀಧರರು 7 ಮಂದಿಯನ್ನೂ, ಉಪಾಧ್ಯಾಯರು 7 ಮಂದಿಯನ್ನೂ ಚುನಾಯಿಸುವರು. 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುವರು. ಸದಸ್ಯನಿಗೆ 30 ವರ್ಷ ತುಂಬಿರಬೇಕು. ಅವಧಿ ಆರು ವರ್ಷ. ವಿಧಾನಸಭೆಯಂತೆ ಈ ಮನೆಯನ್ನು ವಿಸರ್ಜಿಸುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಮೂರರಲ್ಲೊಂದು ಭಾಗದವರು ನಿವೃತ್ತರಾಗುವರು. ಹೀಗೆ ಹಳಬರ ಅನುಭವವೂ ಹೊಸಬರ ಉತ್ಸಾಹವೂ ಸದಾ ಕೂಡಿರಲೆಂಬುದು ಉದ್ದೇಶ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಪದವೀಧರರಿಲ್ಲದ ಮನೆ ವಿರಳ. ಆದರೆ ಪದವಿಯೊಂದರಿಂದಲೇ ಮತಾಧಿಕಾರ ದೊರೆಯದು. ಪದವಿ ಪಡೆದು ಮೂರು ವರ್ಷ ಕಳೆದಿರಬೇಕು, ಪಟ್ಟಿಯಲ್ಲಿ ಹೆಸರಿರಬೇಕು. ಆ ಪಟ್ಟಿಯಾದರೋ ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧವಾಗತಕ್ಕದ್ದು. ಕಳೆದ ಬಾರಿ ಬರೆಸಿದ ಹೆಸರು ಈ ಬಾರಿಗೆ ಸಲ್ಲದು. ಉಪಾಧ್ಯಾಯರ ಕ್ಷೇತ್ರದಲ್ಲಿ ನಿಯಮವು ಇನ್ನೂ ಬಿಗಿ: ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಪ್ರೌಢಶಾಲೆಗೆ ಕಡಮೆಯಲ್ಲದ ವಿದ್ಯಾಸಂಸ್ಥೆಯಲ್ಲಿ ಪಾಠ ಹೇಳಿರಬೇಕು. ಅಕ್ಷರಾಭ್ಯಾಸ ಮಾಡಿಸುವ ಪ್ರಾಥಮಿಕ ಶಾಲೆಯವರಿಗೆ ಅಲ್ಲಿ ಮತವಿಲ್ಲ. ನಮ್ಮಂತಹ ನಿವೃತ್ತರ ಮತವೂ ಕೆಲವು ವರ್ಷಗಳಲ್ಲಿ ಕಳೆದುಹೋಗುವುದು.

ಪದವೀಧರರ ಕ್ಷೇತ್ರದ ಅಭ್ಯರ್ಥಿಯು ಪದವೀಧರನೇ ಆಗಿರಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1972ರಲ್ಲಿ ತೀರ್ಪಿತ್ತಿತು. ಆದುದರಿಂದ ಯೋಗ್ಯನು ಯಾರೆಂದು ವಿವೇಚಿಸುವ ಭಾರವೆಲ್ಲ ಮತದಾರನದೇ. ಒಂದು ಕಾಲದಲ್ಲಿ ಸರ್ಕಾರದ ಕೈಯಲ್ಲಿದ್ದ ಅಧಿಕಾರವು ಈಗ ನಮ್ಮ ಬಾಗಿಲಿಗೆ ಬಂದಿದೆ. ಅರ್ಜಿಯ ಒಂದು ಹಾಳೆಯನ್ನು ತುಂಬಲು ಬೇಸರಪಟ್ಟು ಅದನ್ನು ಹಿಂದಕ್ಕೆ ಕಳುಹಿಸುವುದು ವಿದ್ಯಾವಂತರಿಗೆ ತಕ್ಕುದಲ್ಲ.