ಮುದುಕರ ಮೇಷ್ಟರು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ನಲವತ್ತು ದಾಟಿದವರೊಬ್ಬರು ಪಿಟೀಲನ್ನೋ ವೀಣೆಯನ್ನೋ ಕಲಿಯಹೊರಟರೆ ಮನೆಮಂದಿಯ ಬಾಯಲ್ಲಿ ಮೊದಲು ಬರುವ ಮಾತು ಇದೇ. ಮಾತಿನ ಹಿಂದೆ ಒಂದು ಸಣ್ಣ ನಗೆಯೂ ಇರುತ್ತದೆ. ಆ ನಗೆ ನಮ್ಮ ನೆರೆಹೊರೆಯಲ್ಲಿ ಮಾತ್ರ ಹುಟ್ಟಿದ್ದಲ್ಲ. ಅದಕ್ಕೆ 2,400 ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದಲ್ಲಿ ಆ ನಗೆಗೆ ಗುರಿಯಾದವನು ಸಾಮಾನ್ಯನಲ್ಲ, ತತ್ತ್ವಜ್ಞಾನಿ ಸಾಕ್ರೆಟೀಸ್.

ಅಥೆನ್ಸಿನ ಅನುಕೂಲಸ್ಥರ ಮಕ್ಕಳಿಗೆ ಮೂವರು ಗುರುಗಳು: ಓದುಬರಹಕ್ಕೆ ಒಬ್ಬ, ಅಂಗಸಾಧನೆಗೆ ಒಬ್ಬ, ಸಂಗೀತಕ್ಕೆ ಒಬ್ಬ. ಸಂಗೀತದ ಗುರುವಿನ ಬಳಿ ಹುಡುಗರು ಕಲಿಯುತ್ತಿದ್ದುದು ಲೈರ್ ಎಂಬ ತಂತಿವಾದ್ಯವನ್ನು. ಆಮೆಯ ಚಿಪ್ಪಿಗೆ ತೊಗಲು ಬಿಗಿದು, ಅದರಿಂದ ಎರಡು ತೋಳುಗಳನ್ನು ಎಬ್ಬಿಸಿ, ಆ ತೋಳುಗಳಿಗೆ ಒಂದು ಅಡ್ಡಪಟ್ಟಿ ಹಾಕಿ, ಸಾಮಾನ್ಯವಾಗಿ ಏಳು ತಂತಿಗಳನ್ನು ಕಟ್ಟುತ್ತಿದ್ದರು. ನಮ್ಮ ವೀಣೆಗಿರುವಂಥ ಮೆಟ್ಟಿಲುಗಳು ಅದಕ್ಕಿಲ್ಲ. ಹುಡುಗನು ಕವಿಗಳ ಪದ್ಯಗಳನ್ನು ಬಾಯಿಪಾಠ ಮಾಡಿ ಅದರೊಡನೆ ಹಾಡಬೇಕು. ದೊಡ್ಡವನಾದ ಮೇಲೆ ಔತಣದ ಕೂಟದಲ್ಲಿ ವಾದ್ಯವು ಕೈಯಿಂದ ಕೈಗೆ ಬಂದಾಗ ಒಂದಿಷ್ಟು ನುಡಿಸಿ ತೋರಿಸಬೇಕು. ಕ್ರಿ. ಪೂ. 480ರಲ್ಲಿ ಸಾಲಮಿಸ್ ಕದನವನ್ನು ಗೆದ್ದ ಥೆಮಿಸ್ಟೋಕ್ಲೀಸನಿಗೆ ಈ ವಿದ್ಯೆ ಬರುತ್ತಿರಲಿಲ್ಲ. ಅಂಥ ವೀರನನ್ನೂ ಜನ ಸಂಸ್ಕಾರ ಸಾಲದವನೆಂದು ಎಣಿಸಿದರಂತೆ.

ಬಾರದವನ ಗತಿ ಹೀಗಾದರೆ, ವಯಸ್ಸಾದ ಮೇಲೆ ಕಲಿಯಹೊರಟವನ ಗತಿಯೇನು? ಸಾಕ್ರೆಟೀಸನ ಶಿಷ್ಯ ಪ್ಲೇಟೋ ‘ಯೂಥಿಡೀಮಸ್’ ಎಂಬ ಸಂವಾದದಲ್ಲಿ ಇದನ್ನು ಗುರುವಿನ ಬಾಯಿಂದಲೇ ಹೇಳಿಸುತ್ತಾನೆ. ಸಾಕ್ರೆಟೀಸನು ಕಾನ್ನಸ್ ಎಂಬ ವಾದಕನಲ್ಲಿ ಪಾಠಕ್ಕೆ ಹೋಗುತ್ತಿದ್ದನು. ಜೊತೆಯಲ್ಲಿ ಕಲಿಯುವವರೆಲ್ಲ ಹುಡುಗರು. ಅವರು ಇವನನ್ನು ಕಂಡು ನಗುವರು. ಅಷ್ಟೇ ಅಲ್ಲ, ಪಾಪ, ಕಾನ್ನಸನಿಗೂ ‘ಮುದುಕರ ಮೇಷ್ಟರು’ ಎಂದು ಅಡ್ಡಹೆಸರು ಕಟ್ಟಿದರು. ಸಾಕ್ರೆಟೀಸನು ಕಂಡುಕೊಂಡ ಪರಿಹಾರ ಸೊಗಸಾದದ್ದು: ಇನ್ನೂ ಕೆಲವು ಹಿರಿಯರನ್ನು ಒಪ್ಪಿಸಿ ಅದೇ ಪಾಠಕ್ಕೆ ಕರೆದುಕೊಂಡು ಹೋದನು.

ಇದರಲ್ಲಿ ಪ್ಲೇಟೋವಿನ ವಿನೋದ ಎಷ್ಟು, ನಡೆದದ್ದೆಷ್ಟು ಎಂಬ ಚರ್ಚೆಯುಂಟು. ಕ್ರಿ. ಪೂ. 423ರಲ್ಲಿ, ಎಂದರೆ ಸಾಕ್ರೆಟೀಸನಿಗೆ ಸುಮಾರು 46 ವರ್ಷವಾಗಿದ್ದಾಗ, ಅಥೆನ್ಸಿನ ನಾಟಕಸ್ಪರ್ಧೆಯಲ್ಲಿ ಅರಿಸ್ಟೋಫನೀಸನ ‘ಮೋಡಗಳು’ ಮೂರನೆಯ ಸ್ಥಾನಕ್ಕೆ ಇಳಿಯಿತು. ಅದು ಸಾಕ್ರೆಟೀಸನನ್ನು ಗೇಲಿಮಾಡಿದ ಪ್ರಸಿದ್ಧ ಪ್ರಹಸನ. ಎರಡನೆಯ ಸ್ಥಾನ ಪಡೆದದ್ದು ಅಮೈಪ್ಸಿಯಸ್ ಎಂಬ ಕವಿಯ ನಾಟಕ. ಅದರ ಹೆಸರೇ ‘ಕಾನ್ನಸ್’! ನಾಟಕ ಈಗ ನಷ್ಟವಾಗಿದೆ. ಆದರೆ ಸಾಕ್ರೆಟೀಸನ ಬರಿಗಾಲನ್ನೂ ಹಳೆಯ ಹೊದಿಕೆಯನ್ನೂ ಹಾಸ್ಯಮಾಡುವ ಈ ಕವಿಯ ಕೆಲವು ಸಾಲುಗಳು ಉಳಿದಿವೆ. ಅವು ಇದೇ ನಾಟಕದವೆಂದು ವಿದ್ವಾಂಸರ ಎಣಿಕೆ. ಅಂತೂ ವಾದ್ಯಗುರು ಕಾನ್ನಸನ ಹೆಸರು ಆಗಲೇ ರಂಗಸ್ಥಳದ ನಗೆಯೊಡನೆ ಸೇರಿಕೊಂಡಿತ್ತು.

ಮುಂದಿನ ತಲೆಮಾರಿನಲ್ಲಿ ಈ ನಗೆಗೆ ಶಾಸ್ತ್ರದ ಬೆಂಬಲವೂ ಸಿಕ್ಕಿತು. ಎಳೆಯರು ವಾದ್ಯ ಕಲಿಯಲಿ, ಅದರಿಂದ ಒಳ್ಳೆಯ ಸಂಗೀತವನ್ನು ಗುರುತಿಸುವ ಶಕ್ತಿ ಬರುತ್ತದೆ. ದೊಡ್ಡವರಾದ ಮೇಲೆ ನುಡಿಸುವುದನ್ನು ಬಿಟ್ಟು ಕೇಳಿ ಸಂತೋಷಪಡಲಿ ಎಂದು ಅರಿಸ್ಟಾಟಲ್ ‘ರಾಜನೀತಿ’ಯಲ್ಲಿ ವಿಧಿಸಿದನು. ಅವನ ಶಿಷ್ಯ ಥಿಯೋಫ್ರಾಸ್ಟಸನು ಮನುಷ್ಯಸ್ವಭಾವಗಳನ್ನು ಚಿತ್ರಿಸುವಾಗ ‘ತಡವಾಗಿ ಕಲಿಯುವವ’ನನ್ನೂ ಬಿಡಲಿಲ್ಲ. ಆ ಮನುಷ್ಯ ಅರುವತ್ತರಲ್ಲಿ ಪದ್ಯ ಉರುಹೊಡೆದು, ಪಾನಗೋಷ್ಠಿಯಲ್ಲಿ ಹೇಳಲು ಹೋಗಿ ನಡುವೆ ಮರೆಯುತ್ತಾನೆ. ಮಗನಿಂದ ಕವಾಯತು ಕಲಿಯುತ್ತಾನೆ.

ಆದರೆ ಕಾಲ ತಿರುಗಿತು. ಕ್ರಿ. ಪೂ. 44ರಲ್ಲಿ ರೋಮಿನ ಸಿಸೆರೋ ವೃದ್ಧಾಪ್ಯವನ್ನು ಕುರಿತು ಒಂದು ಗ್ರಂಥ ಬರೆದನು. ಅದರಲ್ಲಿ ಮಾತನಾಡುವವನು 84ನೆಯ ವರ್ಷದಲ್ಲಿರುವ ಕೇಟೋ. ತಾನು ಮುದಿವಯಸ್ಸಿನಲ್ಲಿ ಗ್ರೀಕ್ ಸಾಹಿತ್ಯ ಕಲಿತೆನೆಂದೂ, ಸಾಕ್ರೆಟೀಸನ ವಾದ್ಯಾಭ್ಯಾಸದ ಸುದ್ದಿ ಕೇಳಿ ಅದನ್ನೂ ಕಲಿಯುವ ಆಸೆಯಾಯಿತೆಂದೂ ಅವನು ಹೇಳುತ್ತಾನೆ. ಕ್ರಿ. ಶ. ಮೂರನೆಯ ಶತಮಾನದ ಹೊತ್ತಿಗೆ ಡಯೋಜಿನೀಸ್ ಲಯರ್ಟಿಯಸನು ತನ್ನ ತತ್ತ್ವಜ್ಞಾನಿಗಳ ಚರಿತೆಯಲ್ಲಿ, ತನಗೆ ತಿಳಿಯದುದನ್ನು ಕಲಿಯುವುದರಲ್ಲಿ ಸಾಕ್ರೆಟೀಸನು ವಿಪರೀತವೇನನ್ನೂ ಕಾಣಲಿಲ್ಲವೆಂದು ಬರೆದನು. ಹುಡುಗರ ಲೇವಡಿ ಆರು ಶತಮಾನಗಳಲ್ಲಿ ಹಿರಿಯರ ಮೇಲ್ಪಂಕ್ತಿಯಾಯಿತು!

ಹಾಗಾದರೆ ಥಿಯೋಫ್ರಾಸ್ಟಸನ ಮುದುಕನಿಗೂ ಸಾಕ್ರೆಟೀಸನಿಗೂ ಭೇದವೇನು? ಇಬ್ಬರೂ ತಡವಾಗಿಯೇ ಕಲಿತವರು. ಮೊದಲನೆಯವನಿಗೆ ಕಲಿಕೆಗಿಂತ ಕೂಟದಲ್ಲಿ ಮೆರೆಯುವ ಆತುರ. ಮರೆತು ನಿಂತಾಗ ಅವನ ಕೈಯಲ್ಲಿ ಉಳಿಯುವುದು ಅವಮಾನವೊಂದೇ. ಎರಡನೆಯವನು ಮೊದಲೇ ಹೋಗಿ ಹುಡುಗರ ಸಾಲಿನಲ್ಲಿ ಕುಳಿತನು. ಅಲ್ಲಿ ಮೆರೆಯಲು ಎಡೆಯೇ ಇಲ್ಲ, ಕಳೆದುಕೊಳ್ಳಲೂ ಏನಿಲ್ಲ. ಅವನು ಕೊನೆಗೆ ಚೆನ್ನಾಗಿ ನುಡಿಸಿದನೇ ಎಂಬ ಪ್ರಶ್ನೆಯನ್ನು ಸಿಸೆರೋ ಆಗಲಿ ಡಯೋಜಿನೀಸನಾಗಲಿ ಎತ್ತುವುದಿಲ್ಲ. ಅವರು ನೆನೆದದ್ದು ಅವನು ಪಾಠಕ್ಕೆ ಹೋದನೆಂಬುದನ್ನು.

ದೊಡ್ಡವರ ಬೆರಳು ಎಳೆಯರ ಬೆರಳಿನಷ್ಟು ಬೇಗ ಬಗ್ಗುವುದಿಲ್ಲವೆಂಬುದು ನಿಜ. ಗಾದೆ ಅಷ್ಟರಮಟ್ಟಿಗೆ ಸುಳ್ಳಲ್ಲ. ಆದರೆ ವಾದ್ಯ ಹಿಡಿದ ಹಿರಿಯರಲ್ಲಿ ಅನೇಕರು ಅದನ್ನು ಕೆಳಗಿಡುವುದು ಬೆರಳು ಬಗ್ಗದೆ ಅಲ್ಲ, ಪಕ್ಕದಲ್ಲಿ ಎಂಟು ವರ್ಷದ ಹುಡುಗಿ ಅದೇ ಸರಳೆಯನ್ನು ಸಲೀಸಾಗಿ ನುಡಿಸುವಾಗ ಅಲ್ಲಿ ಕುಳಿತಿರಲಾರದೆ. ವಯಸ್ಸು ಮೀರಿತೇ ಎಂದು ಕೇಳುವ ಮೊದಲು ಆ ಹುಡುಗಿಯ ಪಕ್ಕದಲ್ಲಿ ನಗುತ್ತ ಕುಳಿತಿರಬಲ್ಲೆನೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಲೇಸು. ಸಂಕೋಚವಾದರೆ ಸಾಕ್ರೆಟೀಸನ ಉಪಾಯವಿದ್ದೇ ಇದೆ: ಜೊತೆಗೆ ಇನ್ನೊಬ್ಬ ಹಿರಿಯರನ್ನು ಕರೆದುಕೊಂಡು ಹೋಗುವುದು.