ಹೆಸರಿಲ್ಲದ ವೈದ್ಯ

ಅಮ್ಮನ ಟ್ರಂಕಿನಲ್ಲಿ ಹಳೆಯ ನೋಟ್‌ಬುಕ್ಕೊಂದಿದೆ. ಎಪ್ಪತ್ತು–ಎಂಬತ್ತರ ದಶಕದ ವಾರಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಆರೋಗ್ಯದ ಪ್ರಶ್ನೋತ್ತರಗಳು. ಕಾಗದ ಹಳದಿಯಾಗಿದೆ, ಗೋಂದು ಬಿಟ್ಟಿದೆ. ಆದರೆ ಒಂದೊಂದರ ಕೆಳಗೂ ಉತ್ತರಿಸಿದ ವೈದ್ಯರ ಹೆಸರಿದೆ. ಕತ್ತರಿಸುವಾಗ ಅದನ್ನು ಬಿಡದಂತೆ ಅವಳು ಎಚ್ಚರ ವಹಿಸಿದ್ದಳು.

ಕನ್ನಡದಲ್ಲಿ ವೈದ್ಯ ಬರೆಯುವುದು ಹೊಸದಲ್ಲ. 12ನೆಯ ಶತಮಾನದ ಕೀರ್ತಿವರ್ಮ ದನಕರುಗಳಿಗೆಂದು ‘ಗೋವೈದ್ಯ’ ಬರೆದ. 14ನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಚಿಕಿತ್ಸೆ ಹೇಳಿದ. 1942ರಲ್ಲಿ ‘ಕೊರವಂಜಿ’ ಶುರುಮಾಡಿ ನಾಡನ್ನು ನಗಿಸಿದ ರಾಶಿಯವರೂ ವೃತ್ತಿಯಿಂದ ವೈದ್ಯರೇ. ಆದರೆ ಅಮ್ಮನ ತಲೆಮಾರಿನ ಹೆಂಗಸರಿಗೆ ಡಾಕ್ಟರೆಂದರೆ ಅನುಪಮಾ ನಿರಂಜನ. ‘ತಾಯಿ–ಮಗು’, ‘ದಾಂಪತ್ಯ ದೀಪಿಕೆ’ ಸೀರೆಗಳ ನಡುವೆ ಅಡಗಿ ಮನೆಯಿಂದ ಮನೆಗೆ ಹೋಗುತ್ತಿದ್ದವು. ಗಂಡನೆದುರೂ ಬಾಯಿಬಿಡಲಾಗದ್ದನ್ನು ಅಲ್ಲಿ ಓದಬಹುದಿತ್ತು.

ಓದಲು ಬಂದರೆ, ಅಷ್ಟೆ. ಅಜ್ಜಿಗೆ ಅಕ್ಷರ ಗೊತ್ತಿರಲಿಲ್ಲ.

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ನನ್ನ ಹಳೆಯ ಫೋನು ಅಮ್ಮನ ಕೈಸೇರಿತು. ಟೈಪ್ ಮಾಡಲು ಬೆರಳು ನಡುಗುತ್ತದೆ. ಮೈಕಿನ ಚಿತ್ರ ಒತ್ತಿ, “ಸ್ವಲ್ಪ ನೋಡಪ್ಪಾ, ಮಂಡಿನೋವಿಗೆ ಏನು ಮಾಡ್ಬೇಕು?” ಅನ್ನುತ್ತಾಳೆ. ಅಜ್ಜಿ ಇದ್ದಿದ್ದರೆ ಅವಳೂ ಕೇಳುತ್ತಿದ್ದಳು. ಫೋನನ್ನು ಹಳಿಯುವ ನಾವು ಇದನ್ನು ಮರೆಯುತ್ತೇವೆ.

ಕೋವಿಡ್ ಕಾಲದಲ್ಲಿ ಮಾತ್ರ ಕಷಾಯದ ಸಂದೇಶಗಳು ಪ್ರವಾಹದಂತೆ ಬಂದವು. 2020ರ ಏಪ್ರಿಲ್‌ನಲ್ಲಿ ವಾಟ್ಸಾಪ್, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದೆಂಬ ಮಿತಿ ಹಾಕಿತು. ವೇಗ ತಗ್ಗಿತು, ಬರೆದವರು ಯಾರೆಂಬುದು ಓದುವವರಿಗೆ ಕಾಣಲಿಲ್ಲ.

ಕಳೆದ ವರ್ಷ ಊರಿಗೆ ಹೋದಾಗ ಬಿಪಿ ಮಾತ್ರೆಯ ಸ್ಟ್ರಿಪ್ಪುಗಳು ಹಾಗೇ ಉಳಿದಿದ್ದವು. ಮೆಂತ್ಯದ ನೀರು ಕುಡಿದರೆ ಮಾತ್ರೆಯೇ ಬೇಡವೆಂದು ಯಾವುದೋ ವಿಡಿಯೋ ಹೇಳಿತ್ತಂತೆ. ರೇಗಿದೆ. ಅಮ್ಮ ಮೆಲ್ಲಗೆ ಅಂದಳು: “ಡಾಕ್ಟರ ಹತ್ರ ಎರಡು ನಿಮಿಷ ಸಿಗತ್ತೆ. ನೀನು ಭಾನುವಾರ ಫೋನ್ ಮಾಡ್ತೀಯ. ಇದು ಎಷ್ಟು ಸಲ ಕೇಳಿದ್ರೂ ಬೇಜಾರು ಮಾಡ್ಕೊಳ್ಳಲ್ಲ.”

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಡಾಕ್ಟರ ಬಳಿ ಕರೆದೊಯ್ದೆ. ಮಾತ್ರೆ ಮತ್ತೆ ಶುರುವಾಯಿತು. ರಾತ್ರಿ ನೋಟ್‌ಬುಕ್ ತಿರುವಿದೆ. ಕೊನೆಯ ಪುಟದಲ್ಲಿ ಮೆಂತ್ಯದ ಅಳತೆ, ಅವಳದೇ ದುಂಡಕ್ಷರದಲ್ಲಿ. ಕೆಳಗೆ ವೈದ್ಯರ ಹೆಸರಿರಬೇಕಾದಲ್ಲಿ ಬರೆದಿದ್ದಳು: ‘ಫೋನಿನಲ್ಲಿ ಬಂದದ್ದು’.